ಕಲೀಪಾ ಎಜೆ ಬಿಚ್ಚಿದ ಗೋಡೆ

ನಮ್ಮ ಊರಿನಲ್ಲಿ ಗಾರೆ ಕೆಲಸಕ್ಕೆ ಕಲೀಪಾ ಎಜೆಯನ್ನು ಮೀರಿಸುವವರು ಇರಲಿಲ್ಲ. ಎಜೆ ಅಂದರೆ ಅಕ್ಕ. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಹದಿನೇಳನೇ ವಯಸ್ಸಿಗೆ ಕರಣೆ ಹಿಡಿದವರು. ಗಂಡ ಟ್ರ್ಯಾಕ್ಟರ್ ಮಗುಚಿ ಸತ್ತ ಮೇಲೆ ಎಂಟು ಚಳಿಗಾಲ ಸೈಬೀರಿಯಾದ ಕಟ್ಟಡಗಳಲ್ಲಿ ದುಡಿದು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು. ಮನೆಗೆ ಹೊರಗಿನಿಂದ ಕೋಟು ತೊಡಿಸುವ ಕೆಲಸ ಕಲಿತದ್ದೂ ಅಲ್ಲಿಯೇ. ಕಲ್ಲನ್ನು ಕರಗಿಸಿ ಎಳೆ ತೆಗೆದು ಮಾಡಿದ ಉಣ್ಣೆಯ ದಪ್ಪ ಹಲಗೆಗಳನ್ನು ಇಟ್ಟಿಗೆ ಗೋಡೆಗೆ ಅಂಟಿಸಿ, ಮೊಳೆ ಹೊಡೆದು, ಜಾಲರಿ ಹಾಸಿ, ಅದರ ಮೇಲೆ ಗಾರೆ ಎಳೆಯಬೇಕು. ರಸಮಟ್ಟ ಇಡದೆ ಬರೀ ಅಂಗೈ ಸವರಿ, "ಇಲ್ಲಿ ಒಂದು ನೂಲು ಉಬ್ಬಿದೆ" ಅಂತ ಅವರು ಹೇಳಿದರೆ ಅದು ಉಬ್ಬಿಯೇ ಇರುತ್ತಿತ್ತು.

ನಾನು ಶಾಲೆಯಲ್ಲಿ ಭೂಗೋಳ ಹೇಳಿಕೊಡುವವಳು, ಹೆಸರು ಅಯ್ಗಾನಿಶ್. ನಾವಿಬ್ಬರೂ ಒಂದೇ ಮೆಟ್ಟಿಲ ನೆರೆಯವರಾದದ್ದು ನರೀನ್ ನದಿಯ ಆಚೆ ದಡದ ಗುಡ್ಡ ಬಿರುಕು ಬಿಟ್ಟ ಮೇಲೆ. ಗುಡ್ಡದ ಬುಡದಲ್ಲಿದ್ದ ನಲವತ್ತು ಮನೆಗಳನ್ನು ಖಾಲಿ ಮಾಡಿಸಿ, ಈಚೆ ದಡದಲ್ಲಿ ನಾಲ್ಕು ಅಂತಸ್ತಿನ ಹೊಸ ಕಟ್ಟಡ ಕಟ್ಟಿಸಿಕೊಡುತ್ತೇವೆ ಅಂದರು ಸರ್ಕಾರದವರು. ಅದೂ ಮಾಮೂಲಿ ಮನೆಯಲ್ಲವಂತೆ, ಶಾಖ ಉಳಿಸುವ ಮನೆಯಂತೆ. ಹೊರಗೋಡೆಗೆ ಹತ್ತು ಸೆಂಟಿಮೀಟರ್ ಕಲ್ಲುಣ್ಣೆ, ಕಿಟಕಿಗೆ ಮೂರು ಪದರದ ಗಾಜು, ಹಳೆಯ ಕಟ್ಟಡಗಳು ತಿನ್ನುವ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಸಾಕಂತೆ. ನಾವು ನಂಬಿದೆವು. ತಲೆಯ ಮೇಲೆ ಗುಡ್ಡ ಕೂತಿರುವಾಗ ನಂಬದೆ ಇರುವುದಕ್ಕೆ ಯಾರಿಗೆ ಧೈರ್ಯವಿರುತ್ತದೆ?

ಎಜೆಯ ಮನೆಯೂ ಆ ನಲವತ್ತರಲ್ಲಿ ಒಂದು. ಹೊಸ ಕಟ್ಟಡಕ್ಕೆ ಗಾರೆ ಕೆಲಸದವರು ಬೇಕಾದಾಗ ಗುತ್ತಿಗೆ ಹಿಡಿದ ಕಂಪನಿಯವರು ಅವರನ್ನೇ ಕರೆದರು. ತಾನು ವಾಸ ಮಾಡುವ ಮನೆಗೆ ತಾನೇ ಗಾರೆ ಎಳೆಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಅಂತ ಅವರು ಬಜಾರಿನಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು. ನನಗಂತೂ ಕೈ ಹಿಡಿದು ಎಳೆದುಕೊಂಡು ಹೋಗಿ ಕೆಲಸದ ಜಾಗ ತೋರಿಸಿದ್ದರು.

ಆ ಬೇಸಿಗೆಯಲ್ಲಿ ನೆಲಮಹಡಿಯ ಗೋಡೆಗೆ ಹತ್ತು ಸೆಂಟಿಮೀಟರಿನ ಹಲಗೆಗಳೇ ಬಂದವು. ಕಟ್ಟಡಕ್ಕೆ ಹಣ ದಾನ ಕೊಟ್ಟ ಹೊರಗಿನವರು ಬಂದು, ಹಲಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು. ಅವರ ಕಾರು ಸೇತುವೆ ದಾಟಿದ ವಾರಕ್ಕೆ ಲಾರಿಯಲ್ಲಿ ಬೇರೆ ಸಾಮಾನು ಬಂತು. ಮೂರು ಸೆಂಟಿಮೀಟರಿನ ಥರ್ಮಾಕೋಲ್, ಟೀವಿ ಡಬ್ಬದಲ್ಲಿ ತುಂಬಿ ಕಳಿಸುತ್ತಾರಲ್ಲ, ಅಂಥದ್ದು. ಕಂಪನಿಯ ಪರವಾಗಿ ಕೆಲಸ ನೋಡಿಕೊಳ್ಳುತ್ತಿದ್ದವನು ಎಲ್ಚಿಬೆಕ್. ಮೂವತ್ತೈದರ ಆಸುಪಾಸು, ಮಾತು ಸಕ್ಕರೆ. ಎಜೆ ಅವನನ್ನು ಕೇಳಿದರಂತೆ:

"ಏನಪ್ಪಾ ಎಲ್ಚಿಬೆಕ್, ಇದು ಯಾವುದಕ್ಕೆ?"

"ಮೇಲಿನ ಮೂರು ಮಹಡಿಗೆ, ಎಜೆ."

"ಮೇಲಿನೋರಿಗೆ ಚಳಿ ಆಗಲ್ವಾ?"

"ಶಾಖ ಮೇಲಕ್ಕೆ ಹೋಗುತ್ತೆ, ಎಜೆ. ಕೆಳಗೆ ದಪ್ಪ ಸಾಕು, ಮೇಲೆ ತೆಳ್ಳಗಿದ್ರೂ ನಡೆಯುತ್ತೆ. ಎಂಜಿನಿಯರು ಲೆಕ್ಕ ಹಾಕಿದಾರೆ. ನೀವು ಗಾರೆ ನೋಡ್ಕೊಳ್ಳಿ, ಲೆಕ್ಕ ಅವರು ನೋಡ್ಕೋತಾರೆ."

ಸೈಬೀರಿಯಾದಲ್ಲಿ ಎಂಟು ಚಳಿಗಾಲ ಕಳೆದವರಿಗೆ ಇದು ಶುದ್ಧ ಸುಳ್ಳು ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸುಮ್ಮನಾದರು. ಕೆಲಸ ಬಿಟ್ಟರೆ ಬೇರೆಯವರು ಬಂದು ಅದನ್ನೇ ಅಂಟಿಸುತ್ತಾರೆ ಅಂದುಕೊಂಡರಂತೆ. ಆದರೆ ಒಂದು ತೊಡಕಿತ್ತು. ಕೆಳಗೆ ಹತ್ತು, ಮೇಲೆ ಮೂರು ಅಂದಾಗ ನೆಲಮಹಡಿಯ ತಲೆಯ ಮೇಲೆ ಸುತ್ತಲೂ ಏಳು ಸೆಂಟಿಮೀಟರ್ ಒಳಕ್ಕೆ ಸರಿದ ಒಂದು ಮೆಟ್ಟಿಲು ಎದ್ದು ಕಾಣುತ್ತದೆ. ದಾರಿಯಲ್ಲಿ ಹೋಗುವ ಕುರುಡನಿಗೂ ಕಂಡೀತು. ಎಲ್ಚಿಬೆಕ್ ಅದಕ್ಕೂ ಉಪಾಯ ತಂದ.

"ಎಜೆ, ನಿಮ್ ಕೈಚಳಕ ಊರಿಗೆಲ್ಲ ಕಾಣ್ಬೇಕು. ಇಲ್ಲಿ ಸುತ್ತ ಒಂದು ಪಟ್ಟಿ ಎಳೀರಿ. ನಮ್ ಶಿರ್ದಕ್ ಹಾಸಿನಲ್ಲಿ ಇರುತ್ತಲ್ಲ, ಟಗರಿನ ಕೊಂಬು, ಆ ಚಿತ್ರ. ಕೆಂಪು ಬಣ್ಣ. ಇಡೀ ಜಿಲ್ಲೇಲಿ ಇಂಥ ಮನೆ ಇರಬಾರದು."

ಎಜೆ ಇಪ್ಪತ್ತಾರು ದಿನ ಸಾರುವೆಯ ಮೇಲೆ ನಿಂತು ಆ ಕೊಂಬುಗಳನ್ನು ಬಿಡಿಸಿದರು. ಒಂದೊಂದು ಸುರುಳಿಯೂ ಉಬ್ಬಿ ನಿಂತಿತ್ತು, ಮುಟ್ಟಿದರೆ ನಿಜವಾದ ಕೊಂಬಿನ ಹಾಗೆ ಬೆರಳಿಗೆ ಸಿಗುತ್ತಿತ್ತು. ಮದುವೆ ಗಂಡುಹೆಣ್ಣುಗಳು ಬಂದು ಅದರ ಕೆಳಗೆ ಫೋಟೋ ತೆಗೆಸಿಕೊಂಡರು. ಮನೆ ತೆರೆದ ದಿನ ರಿಬ್ಬನ್ ಕತ್ತರಿಸಿದರು, ಹಿಟ್ಟಿನ ಬೋರ್ಸೋಕ್ ಕರಿದು ಹಂಚಿದರು, ಎಜೆಯ ಹೆಗಲಿಗೆ ಜರಿಯ ನಿಲುವಂಗಿ ಹೊದಿಸಿದರು. ಬಾಗಿಲ ಪಕ್ಕದಲ್ಲಿ ಹಿತ್ತಾಳೆಯ ಫಲಕ ಬಂತು: ಶಾಖ ಉಳಿಸುವ ಮನೆ, ಮೊದಲನೇ ದರ್ಜೆ.

ಮೊದಲನೇ ದರ್ಜೆಯ ಮನೆಯಲ್ಲಿ ಮೊದಲನೇ ಚಳಿಗಾಲ ಹೇಗಿತ್ತು ಅಂತ ಹೇಳುತ್ತೇನೆ. ನವೆಂಬರಿನಲ್ಲಿ ಕಿಟಕಿಯ ಕೆಳಗೆ ನೀರು ನಿಂತಿತು. ಡಿಸೆಂಬರಿನಲ್ಲಿ ನನ್ನ ಮಗಳ ಮಂಚದ ಮೂಲೆಗೆ ಕಪ್ಪು ಬೂಷ್ಟು ಬಂತು. ಒರೆಸಿದರೆ ವಾರದಲ್ಲಿ ಮತ್ತೆ ಬರುತ್ತಿತ್ತು. ಜನವರಿಯಲ್ಲಿ ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗಿದ್ದಾಗ ನಮ್ಮ ಅಡುಗೆಮನೆಯಲ್ಲಿ ಹನ್ನೊಂದು ಡಿಗ್ರಿ. ಹಳೆಯ ಸೋವಿಯತ್ ಕಟ್ಟಡದಲ್ಲಿರುವ ನನ್ನ ತಂಗಿಯ ಮನೆಯೇ ಮೇಲು. ಅಲ್ಲಿ ಗೋಡೆ ಸೋರಿದರೂ ಕಿಟಕಿ ಕೆಳಗೆ, ಬಿಸಿನೀರು ಹರಿದು ಕೋಣೆ ಕಾಯಿಸುವ, ಹನ್ನೆರಡು ಮಡಿಕೆಯ ದೊಡ್ಡ ರೇಡಿಯೇಟರ್ ಇದೆ. ನಮ್ಮದಕ್ಕೆ ನಾಲ್ಕೇ ಮಡಿಕೆ. ಯಾಕೆಂದರೆ ನಮ್ಮದು ಶಾಖ ಉಳಿಸುವ ಮನೆ, ಅದಕ್ಕೆ ಚಿಕ್ಕ ರೇಡಿಯೇಟರು, ಚಿಕ್ಕ ಬಾಯ್ಲರು ಸಾಕು ಅಂತ ಕಾಗದದ ಮೇಲೆ ಬರೆದಿತ್ತು! ಉಣ್ಣೆಯನ್ನೂ ಕದ್ದರು, ಉಣ್ಣೆ ಇದೆ ಅಂತ ಹೇಳಿ ಬೆಂಕಿಯನ್ನೂ ಕದ್ದರು.

ನಾಲ್ಕನೇ ಅಂತಸ್ತಿನಲ್ಲಿ, ಉತ್ತರದ ಕಡೆಗೆ, ಎಜೆಯ ಮನೆ. ಅವರು ಒಳಗೂ ಕೋಟು ಹಾಕಿಕೊಂಡೇ ಇರುತ್ತಿದ್ದರು. ನಾನು ಕೇಳಿದ್ದೆ, "ಎಜೆ, ಇದೇನು ಹೀಗೆ? ನಿಮಗೆ ಗೊತ್ತಿರ್ಬೇಕಲ್ಲ."

"ಹೊಸ ಗೋಡೆ ಕಣೇ. ಒಣಗಬೇಕು. ಒಂದು ವರ್ಷ ಹೋಗ್ಲಿ," ಅಂದಿದ್ದರು, ನನ್ನ ಮುಖ ನೋಡದೆ.

ನಾವು ದೂರು ಕೊಟ್ಟೆವು. ಉತ್ತರವಾಗಿ ಬಂದದ್ದು ಬಣ್ಣದ ಕೈಪಿಡಿ, ಜೊತೆಗೆ ಎಲ್ಚಿಬೆಕ್. ಅವನು ಮೆಟ್ಟಿಲ ಬಳಿ ಎಲ್ಲರನ್ನೂ ಸೇರಿಸಿಕೊಂಡು ಪಾಠ ಮಾಡಿದ. ಸಾರು ಕುದಿಸುವಾಗ ಮುಚ್ಚಳ ಮುಚ್ಚಬೇಕು, ಒಳಗೆ ಬಟ್ಟೆ ಒಣಗಿಸಬಾರದು, ಕಿಟಕಿ ಇಂತಿಷ್ಟೇ ಹೊತ್ತು ತೆರೆಯಬೇಕು.

"ಮನೆ ಆಧುನಿಕವಾಗಿದೆ. ನೀವು ಇನ್ನೂ ಗುಡ್ಡದ ಕೆಳಗೇ ಇದೀರ," ಅಂದ ನಗುತ್ತ. "ಮೂರು ಹೊತ್ತು ಕುರಿಮಾಂಸ ಕುದಿಸಿದ್ರೆ ಯಾವ ಗೋಡೆ ತಡೆಯುತ್ತೆ ಹೇಳಿ?"

"ಮೂರು ಹೊತ್ತು ಕುರಿಮಾಂಸ ಯಾರ ಮನೇಲಿ ಕುದೀತಿದೆ, ಹೇಳು, ನಾವೂ ಅಲ್ಲಿಗೇ ಊಟಕ್ಕೆ ಹೋಗ್ತೀವಿ," ಅಂದಳು ಮೂರನೇ ಅಂತಸ್ತಿನ ಚೋಲ್ಪೊನ್. ಎಲ್ಲರೂ ನಕ್ಕರು. ನಗುವಾಗ ಬಾಯಿಂದ ಹಬೆ ಬರುತ್ತಿತ್ತು, ಮನೆಯೊಳಗೆ! ನಾವು ಉಸಿರಾಡುವುದೇ ತಪ್ಪು ಅನ್ನುವ ಹಾಗೆ ಮಾತಾಡಿ ಅವನು ಹೋದ. ತನಿಖೆಗೆ ಅಧಿಕಾರಿ ಬಂದದ್ದು ಏಪ್ರಿಲ್ ಕೊನೆಯಲ್ಲಿ, ಬಿಸಿಲು ಹೊಡೆಯುವ ಮಧ್ಯಾಹ್ನ. ದಕ್ಷಿಣದ ಒಂದು ಕೋಣೆಯಲ್ಲಿ ಥರ್ಮಾಮೀಟರ್ ಇಟ್ಟು, ಇಪ್ಪತ್ತೊಂದು ಅಂತ ಬರೆದುಕೊಂಡು, ಚಹಾ ಕುಡಿದು ಎದ್ದುಹೋದ.

ಎರಡನೇ ಚಳಿಗಾಲದ ಹೊತ್ತಿಗೆ ಚೋಲ್ಪೊನ್ ಬಾಣಂತಿ. ಮಗು ತುಪ್ಪಳದ ಟೋಪಿಯಲ್ಲೇ ಮಲಗುತ್ತಿತ್ತು. ಅವಳ ಮನೆಯ ಹೊರಗೋಡೆಯ ಮೂಲೆಯಲ್ಲಿ ಬೂಷ್ಟು ಅಂಗೈ ಅಗಲದಿಂದ ಚಾಪೆ ಅಗಲಕ್ಕೆ ಬೆಳೆದಿತ್ತು. ಜನವರಿಯ ಮೂರನೇ ವಾರ ಮಗುವಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದರು. ಎಪ್ಪತ್ತು ದಿನದ ಕೂಸಿನ ಮೂಗಿಗೆ ನಳಿಗೆ ಸಿಕ್ಕಿಸಿದ್ದನ್ನು ನೋಡಿಬಂದವರು ನಾನು ಮತ್ತು ಎಜೆ.

ಮಾರನೇ ದಿನ ಬೆಳಗ್ಗೆ ಎಜೆ ನಮ್ಮ ಅಡುಗೆಮನೆಗೆ ಬಂದರು. ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟೆ. ಬಟ್ಟಲು ಮುಟ್ಟಲಿಲ್ಲ.

"ಒಂದು ಮಾತು ಹೇಳ್ತೀನಿ ಅಯ್ಗಾನಿಶ್. ಕೇಳಿದ್ಮೇಲೆ ನನ್ನ ಮುಖ ನೋಡ್ಬೇಕೋ ಬೇಡ್ವೋ ನೀನೇ ತೀರ್ಮಾನ ಮಾಡ್ಕೋ."

"ಏನ್ ಎಜೆ?"

"ಆ ಗೋಡೇಲಿ ಉಣ್ಣೆ ಇಲ್ಲ. ಕೆಳಗೆ ಮಾತ್ರ ಇದೆ. ಮೇಲಕ್ಕೆಲ್ಲ ಮೂರು ಸೆಂಟಿಮೀಟರ್ ಥರ್ಮಾಕೋಲ್. ಮುಚ್ಚಿದೋಳು ನಾನೇ. ಆ ಕೊಂಬಿನ ಪಟ್ಟಿ ಇದೆಯಲ್ಲ, ಅದರ ಹಿಂದೆ ಮೆಟ್ಟಿಲು ಅಡಗಿದೆ."

ನಾನು ಎದ್ದು ನಿಂತೆ. "ನಿಮಗೆ ಗೊತ್ತಿತ್ತು! ಒಣಗಬೇಕು, ಒಣಗಬೇಕು ಅಂತ ನನಗೆ ಒಂದು ವರ್ಷ ಸುಳ್ಳು ಹೇಳಿದ್ರಿ!"

"ಹೇಳ್ದೆ."

"ನನ್ನ ಮಗಳು ಆ ಮೂಲೇಲಿ ಮಲಗ್ತಾಳೆ ಎಜೆ!"

"ನಾನೂ ಅಂಥ ಮೂಲೇಲೇ ಮಲಗ್ತೀನಿ ಕಣೇ. ನನಗೆ ಆಗ್ಬೇಕಾದ್ದು ಆಗ್ಲಿ ಅಂತ ಇದ್ದೆ. ಆ ಕೂಸು ಏನು ಮಾಡಿತ್ತು?"

ಬಾಗಿಲು ತೋರಿಸಿದೆ. ಈ ಮಾತನ್ನು ಮುಚ್ಚಿಟ್ಟು ನಾನು ಒಳ್ಳೆಯವಳಾಗಲಾರೆ. ಹದಿನೈದು ದಿನ ಅವರ ಜೊತೆ ಮಾತಾಡಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆ ಕಡೆ ತಿರುಗುತ್ತಿದ್ದೆ. ಎಲ್ಚಿಬೆಕ್‌ನ ಮೇಲಿನ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ಅವರ ಮೇಲಿತ್ತು, ಯಾಕೆಂದರೆ ಅವರು ನಮ್ಮವರು.

ಆ ಹದಿನೈದು ದಿನ ಅವರು ಸುಮ್ಮನೆ ಕೂತಿರಲಿಲ್ಲ ಅಂತ ನನಗೆ ಆಮೇಲೆ ತಿಳಿಯಿತು. ಒಂದು ಕಚೇರಿಯಿಂದ ಇನ್ನೊಂದಕ್ಕೆ ನಾಲ್ಕು ಕಡೆ ಅಲೆದಿದ್ದರು. "ನಾನೇ ಮಾಡಿದೀನಿ, ನಾನೇ ಹೇಳ್ತಿದೀನಿ, ಬರ್ಕೊಳ್ಳಿ" ಅಂದರೆ ಒಬ್ಬರೂ ಬರೆದುಕೊಳ್ಳಲಿಲ್ಲ. ಒಬ್ಬ ಅಧಿಕಾರಿ, "ಮನೆಗೆ ಮೊದಲನೇ ದರ್ಜೆ ಪತ್ರ ಇದೆಯಲ್ಲಮ್ಮ, ಪತ್ರಕ್ಕಿಂತ ನೀವು ದೊಡ್ಡೋರಾ?" ಅಂದನಂತೆ. ಇನ್ನೊಬ್ಬ ಗೋಡೆ ತೆರೆದು ತೋರಿಸಿ ಅಂದ. ಅವನ ಪಕ್ಕದ ಮೇಜಿನವನು, ಗೋಡೆ ಮುಟ್ಟಿದರೆ ಕಂಪನಿಯ ಹೊಣೆ ಮುಗಿಯುತ್ತದೆ, ಆಮೇಲೆ ಯಾರನ್ನೂ ಕೇಳುವ ಹಾಗಿಲ್ಲ ಅಂದ. ತೆರೆಯದೆ ನಂಬುವುದಿಲ್ಲ, ತೆರೆದರೆ ಹೊಣೆಯಿಲ್ಲ. ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದರು ಅದನ್ನು! ನಮ್ಮ ಗೋಡೆಯನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದರೆ ಸಾಕಿತ್ತು.

ಫೆಬ್ರವರಿಯ ಮೊದಲ ಶನಿವಾರ, ಮಧ್ಯಾಹ್ನ, ಹೊರಗೆ ಕಬ್ಬಿಣದ ಸದ್ದು ಕೇಳಿ ಕಿಟಕಿಗೆ ಬಂದೆ. ಎಜೆ ಹಳೆಯ ಕೆಲಸದ ಗೆಳೆಯನೊಬ್ಬನಿಂದ ಸಾರುವೆ ತರಿಸಿ ನಿಲ್ಲಿಸುತ್ತಿದ್ದರು. ತಲೆಗೆ ಉಣ್ಣೆ ಶಾಲು, ಕಾಲಿಗೆ ನಮ್ಮ ಕಡೆಯ ದಪ್ಪ ಕಂಬಳಿ ಬೂಟು, ಕೈಯಲ್ಲಿ ಉಳಿ ಮತ್ತು ಸುತ್ತಿಗೆ. ಐವತ್ತೇಳರ ಹೆಂಗಸು, ಹಿಮ ಬಿದ್ದ ಹಲಗೆಯ ಮೇಲೆ ಹತ್ತಿ ನಿಂತರು. ಕಟ್ಟಡದ ಜನವೆಲ್ಲ ಕೆಳಗಿಳಿದು ಬಂದರು. ನಾನೂ ಇಳಿದೆ.

ಆ ಕೊಂಬಿನ ಸುರುಳಿಯ ಮೇಲೆ ಅವರು ಒಂದು ಗಳಿಗೆ ಕೈ ಇಟ್ಟರು. ಆಮೇಲೆ ಉಳಿ ಇಟ್ಟು ಹೊಡೆದರು. ಮೊದಲ ಏಟಿಗೆ ಕೆಂಪು ಗಾರೆ ಸಿಡಿದು ಹಿಮದ ಮೇಲೆ ಬಿತ್ತು. ಜನ "ಅಯ್ಯೋ" ಅಂದರು. ಅಷ್ಟು ಚೆಂದದ ಕೆಲಸ ಅದು. ಅವರು ನಿಲ್ಲಿಸಲಿಲ್ಲ. ಬಾಗಿಲಷ್ಟು ಅಗಲ ಬಿಚ್ಚಿ, ಜಾಲರಿ ಕತ್ತರಿಸಿ ಬದಿಗೆ ಮಡಿಸಿದರು. ಕೆಳಗಡೆ ಕಂದು ಉಣ್ಣೆ, ಅರ್ಧ ಗೇಣು ದಪ್ಪ. ಅದರ ಮೇಲಕ್ಕೆ ಬಿಳಿ ಥರ್ಮಾಕೋಲ್, ಎರಡು ಬೆರಳು. ನಡುವೆ ಖಾಲಿ ಮೆಟ್ಟಿಲು, ಅದರೊಳಗೆ ಸಿಮೆಂಟು ಚೀಲದ ಚೂರು ತುರುಕಿತ್ತು.

ಅಷ್ಟರಲ್ಲಿ ಯಾರೋ ಫೋನ್ ಮಾಡಿದ್ದರು, ಎಲ್ಚಿಬೆಕ್ ಕಾರಿನಲ್ಲಿ ಬಂದಿಳಿದ.

"ಎಜೆ! ಇಳೀರಿ ಕೆಳಗೆ! ಕಂಪನಿ ಆಸ್ತಿ ಹಾಳು ಮಾಡ್ತಿದೀರ. ಕೇಸು ಹಾಕಿಸ್ತೀನಿ."

"ಹಾಕ್ಸಪ್ಪ. ನನ್ನ ಹೆಸರು ಮೊದಲು ಬರೀಲಿ, ಮುಚ್ಚಿದೋಳು ಅಂತ. ಎರಡನೇದು ನಿಂದು, ಮುಚ್ಚಿಸಿದೋನು ಅಂತ."

"ನಿಮಗೆ ನಾನು ನಿಲುವಂಗಿ ಹೊದಿಸಿದ್ದೆ, ಎಜೆ. ಇಡೀ ಊರಿನ ಮುಂದೆ."

"ಆ ನಿಲುವಂಗೀನೇ ಹೊದ್ಕೊಂಡು ಮಲಗ್ತಿದೀನಿ ಕಣೋ, ಒಳಗೆ ಅಷ್ಟು ಚಳಿ ಇದೆ!" ಅಂದು ಎಜೆ ಅಳತೆಯ ಟೇಪು ಎಳೆದು ಹಿಡಿದರು. "ಬಾ ಮೇಲಕ್ಕೆ. ನೀನೇ ಓದು. ಎಷ್ಟಿದೆ? ನಿನ್ನ ಎಂಜಿನಿಯರ ಲೆಕ್ಕ ಎಲ್ಲಿದೆ ತೋರ್ಸು."

ಅವನು ಹತ್ತಲಿಲ್ಲ. ಚೋಲ್ಪೊನ್‌ಳ ಗಂಡ ಅವನ ಕಾಲರಿಗೆ ಕೈ ಹಾಕಲು ಹೋದಾಗ ಎಜೆ ಮೇಲಿಂದಲೇ ಗದರಿಸಿದರು: "ಕೈ ಬಿಡು! ಅವನಿಗೆ ಹೊಡೆದ್ರೆ ಸುದ್ದಿ ಅದೇ ಆಗುತ್ತೆ, ಗೋಡೆ ಆಗಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಯ್ಗಾನಿಶ್, ನಿನ್ನ ಕೈಬರಹ ಚೆನ್ನಾಗಿದೆ. ಅಳತೆ ಹೇಳ್ತೀನಿ, ಬರ್ಕೋ" ಅಂದರು. ಹದಿನೈದು ದಿನದ ಮೇಲೆ ನಾನು ಮೊದಲ ಬಾರಿ ಅವರಿಗೆ ಉತ್ತರ ಕೊಟ್ಟೆ. "ಹೇಳಿ ಎಜೆ" ಅಂದೆ. ಬೆರಳು ಮರಗಟ್ಟಿ ಪೆನ್ನು ಎರಡು ಸಲ ಬಿತ್ತು.

ಕೇಸು ನಿಜಕ್ಕೂ ಬಂತು, ಕಂಪನಿಯ ಮೇಲಲ್ಲ, ಎಜೆಯ ಮೇಲೆ. ಕಟ್ಟಡಕ್ಕೆ ಹಾನಿ ಮಾಡಿದ ಆರೋಪ. ವಿಚಾರಣೆಯ ದಿನ ನಾವು ಮೂವತ್ತು ಜನ ಹೋಗಿ ಗೋಡೆಗೊರಗಿ ನಿಂತೆವು. ಕಂಪನಿಯ ವಕೀಲ ಎಲ್ಲ ತಪ್ಪನ್ನೂ ಅವರ ತಲೆಗೇ ಕಟ್ಟಿದ: ಸಾಮಾನು ಬದಲಾಯಿಸಿದ್ದರೆ ಅದು ಕೆಲಸದವರ ಕೈವಾಡ. ಅಂದರೆ ಗಾರೆ ಹೆಂಗಸೊಬ್ಬಳು ಒಂದು ಲಾರಿ ಉಣ್ಣೆಯನ್ನು ಶಾಲಿನಲ್ಲಿ ಕಟ್ಟಿಕೊಂಡು ಹೋದಳಂತೆ! ನ್ಯಾಯಾಧೀಶೆ ಕನ್ನಡಕ ತೆಗೆದು ಎಜೆಯನ್ನು ಕೇಳಿದರು:

"ತಿಳಿದೂ ತಿಳಿದೂ ಯಾಕೆ ಅಂಟಿಸಿದ್ರಿ?"

"ಹೆದರಿಕೆಗೆ. ಆಮೇಲೆ ಆಸೆಗೆ. ಅಂಥ ಚಿತ್ರ ಬಿಡಿಸೋದಕ್ಕೆ ಯಾರೂ ನನಗೆ ಅಷ್ಟು ಉದ್ದ ಗೋಡೆ ಕೊಟ್ಟಿರಲಿಲ್ಲ," ಅಂದರು ಎಜೆ. "ತಪ್ಪಿಗೆ ಏನು ಕೊಡ್ತೀರೋ ಕೊಡಿ. ಆದ್ರೆ ನಾನು ತೆರೆದಿರೋದು ಒಂದೇ ಕಡೆ. ಇನ್ನೂ ಆರು ಕಡೆ ನೀವೇ ತೆರೆಸಿ. ಈ ಚಳೀಲೇ ತೆರೆಸಿ, ಏಪ್ರಿಲ್‌ನಲ್ಲಿ ಅಲ್ಲ."

ತೆರೆಸಿದರು, ಮಾರ್ಚಿನ ಮೊದಲ ವಾರ, ರಾಜಧಾನಿಯಿಂದ ಬಂದ ತಜ್ಞರ ಎದುರು. ಆರಕ್ಕೆ ಆರು ಕಡೆಯೂ ಮೂರು ಸೆಂಟಿಮೀಟರ್. ಒಂದು ಕಡೆ ಅದೂ ಇರಲಿಲ್ಲ, ಬರೀ ಗಾರೆ. ಆ ಜಾಗದ ಹಿಂದೆಯೇ ಚೋಲ್ಪೊನ್‌ಳ ಮಗುವಿನ ತೊಟ್ಟಿಲು ಇದ್ದದ್ದು. ಮಗು ಬದುಕಿ ಬಂದಿತ್ತು, ಈಗ ಅಜ್ಜಿಯ ಊರಿನ ಮಣ್ಣಿನ ಮನೆಯಲ್ಲಿ ಬೆಚ್ಚಗಿತ್ತು. ಎಜೆಯ ಮೇಲಿನ ಆರೋಪವನ್ನು ಕೈಬಿಟ್ಟರು. ಫಲಕವನ್ನು ಕಿತ್ತರು.

ಇಲ್ಲಿಗೆ ಎಲ್ಲ ಸರಿಹೋಯಿತು ಅನ್ನಲು ನನಗೂ ಆಸೆಯಿದೆ. ಆದರೆ ತಪ್ಪು ಕಂಪನಿಯದು ಅಂತ ತೀರ್ಪು ಬರುವಷ್ಟರಲ್ಲಿ ಆ ಕಂಪನಿಯೇ ಇರಲಿಲ್ಲ. ಬಾಗಿಲು ಮುಚ್ಚಿ, ಬೇರೆ ಹೆಸರಿನಲ್ಲಿ ಬಾಗಿಲು ತೆರೆದಿತ್ತು. ಎಲ್ಚಿಬೆಕ್ ಈಗ ಕಣಿವೆಯ ಕೆಳಗಿನ ಪೇಟೆಯಲ್ಲಿ ಇನ್ನೊಂದು ಮನೆ ಕಟ್ಟಿಸುತ್ತಿದ್ದಾನೆ, ಅದೂ ಶಾಖ ಉಳಿಸುವುದೇ. ಏಪ್ರಿಲಿನಲ್ಲಿ ಥರ್ಮಾಮೀಟರ್ ಇಟ್ಟ ಅಧಿಕಾರಿಗೆ ಬಡ್ತಿ ಸಿಕ್ಕಿತು. ನಮ್ಮ ಪಾಲಿಗೆ ಊರ ಕಚೇರಿಯಿಂದ ಬಂದದ್ದು ಉತ್ತರದ ಗೋಡೆಗೆ ಸಾಕಾಗುವಷ್ಟು ಕಲ್ಲುಣ್ಣೆ. ಅಂಟಿಸುವ ಕೆಲಸ ನೀವೇ ನೋಡಿಕೊಳ್ಳಿ ಅಂದರು.

ಆ ಬೇಸಿಗೆ ಎಜೆ ನಮ್ಮನ್ನೆಲ್ಲ ಗಾರೆ ಕೆಲಸದವರನ್ನಾಗಿ ಮಾಡಿದರು. ನಾನು, ಚೋಲ್ಪೊನ್, ಅವಳ ಗಂಡ, ಅಂಚೆ ಕಚೇರಿಯ ಇಬ್ಬರು ಗುಮಾಸ್ತರು, ಎಲ್ಲರೂ ಸಾರುವೆ ಹತ್ತಿದೆವು. ಅವರು ಕೆಲಸದಲ್ಲಿ ಯಾರಿಗೂ ರಿಯಾಯಿತಿ ಕೊಡುವವರಲ್ಲ.

"ಟೀಚರಮ್ಮ, ಎರಡು ಹಲಗೆ ನಡುವೆ ನಿನ್ನ ಬೆರಳು ಹೋಗುತ್ತೆ. ಬೆರಳು ಹೋದ ಕಡೆ ಚಳಿ ಹೋಗಲ್ವಾ? ಕೀಳು."

"ಈಗ ತಾನೆ ಅಂಟಿಸ್ದೆ ಎಜೆ!"

"ಅದಕ್ಕೇ ಸುಲಭವಾಗಿ ಬರುತ್ತೆ. ಕೀಳು."

ಒಂದೇ ಹಲಗೆಯನ್ನು ನಾನು ಮೂರು ಸಲ ಕಿತ್ತೆ. ಸೆಪ್ಟೆಂಬರಿನಲ್ಲಿ ಉತ್ತರದ ಗೋಡೆ ಮುಗಿಯಿತು. ಅದರ ಮೇಲೆ ಪಟ್ಟಿಯೂ ಇಲ್ಲ, ಕೊಂಬೂ ಇಲ್ಲ. ಏನಾದರೂ ಬಿಡಿಸಿ ಅಂತ ಎಷ್ಟು ಕೇಳಿಕೊಂಡರೂ ಎಜೆ ಒಪ್ಪಲಿಲ್ಲ.

ಈ ಚಳಿಗಾಲ ಉತ್ತರದ ಮನೆಗಳಲ್ಲಿ, ಅದೇ ನಾಲ್ಕು ಮಡಿಕೆಯ ರೇಡಿಯೇಟರಿನಲ್ಲಿ, ಹತ್ತೊಂಬತ್ತು ಡಿಗ್ರಿ ಇದೆ. ಅಂದರೆ ಆ ಕಾಗದದ ಲೆಕ್ಕ ಸುಳ್ಳಾಗಿರಲಿಲ್ಲ. ಹೇಳಿದ್ದನ್ನು ಮಾಡಿದ್ದರೆ ಮನೆ ಬೆಚ್ಚಗಿರುತ್ತಿತ್ತು. ನನ್ನ ಹೊಟ್ಟೆ ಹೆಚ್ಚು ಉರಿಯುವುದು ಇದಕ್ಕೇ. ಉಳಿದ ಮೂರು ಗೋಡೆಗಳಿಗೆ ಅರ್ಜಿ ಹಾಕಿದ್ದೇವೆ. ಅರ್ಜಿ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ.

ಎಜೆಯನ್ನು ಈಗ ಯಾವ ಕಂಪನಿಯೂ ಕೆಲಸಕ್ಕೆ ಕರೆಯುವುದಿಲ್ಲ. ಗೋಡೆ ಮುಚ್ಚುವಾಗ ಅವರಿಗೆ ಕೆಲಸವಿತ್ತು, ಬಿಚ್ಚಿದ ಮೇಲೆ ಇಲ್ಲ. ವೃತ್ತಿ ಶಾಲೆಯವರು ಪಾಠ ಹೇಳಲು ಕರೆದಿದ್ದರು, ಆದರೆ ಆ ಮನೆಯ ವಿಷಯ ತರಗತಿಯಲ್ಲಿ ಎತ್ತುವುದಿಲ್ಲ ಅಂತ ಬರೆದುಕೊಡಬೇಕಂತೆ. "ಮತ್ತೆ ಪಾಠ ಅಂತ ಏನು ಹೇಳ್ಲಿ, ಸುಣ್ಣ ಬಳಿಯೋದಾ?" ಅಂತ ಎದ್ದು ಬಂದರು.

ಮೊನ್ನೆ ಕೆಳಗಿನ ಪೇಟೆಯಿಂದ ನಾಲ್ವರು ಹೆಂಗಸರು ಅವರನ್ನು ಹುಡುಕಿಕೊಂಡು ಬಂದಿದ್ದರು. ಎಲ್ಚಿಬೆಕ್ ಕಟ್ಟಿಸುತ್ತಿರುವ ಮನೆಯಲ್ಲಿ ಅವರಿಗೆಲ್ಲ ಜಾಗ ಹಂಚಿಕೆಯಾಗಿದೆ. ಹೊರಗೋಡೆಗೆ ಗಾರೆ ಇನ್ನೂ ಬಿದ್ದಿಲ್ಲ. ಎಜೆ ಮಂಡಿ ನೋವಿಗೆ ಪಟ್ಟಿ ಕಟ್ಟಿಕೊಂಡು, ಟೇಪನ್ನು ಕೋಟಿನ ಜೇಬಿಗೆ ಹಾಕಿಕೊಂಡು ಅವರ ಜೊತೆ ವ್ಯಾನು ಹತ್ತಿದರು. ನನಗೆ ಶಾಲೆಗೆ ಅರ್ಧ ದಿನ ರಜೆ ಹಾಕಿಸಿ, ಬರೆದುಕೊಳ್ಳಲಿಕ್ಕೆ ಜೊತೆಗೆ ಕರೆದುಕೊಂಡು ಹೋದರು.